ಒಂದು ಎಸ್ಸಿನ ಜಾಗ

ಇಂಗ್ಲಿಷಿನ ಬಹುವಚನದ ‘ಎಸ್’ ಎಲ್ಲಿ ಕೂರಬೇಕು ಎಂಬುದು ಹತ್ತನೆಯ ತರಗತಿಯ ಮಕ್ಕಳ ತಲೆನೋವು ಮಾತ್ರ ಎಂದು ನಾನು ನಂಬಿದ್ದೆ. ಅದು ನಮ್ಮ ಮನೆಯ ಅಂಗಳಕ್ಕೇ ಬಂದು ನಿಲ್ಲುತ್ತದೆಂದು ಅಂದುಕೊಂಡಿರಲಿಲ್ಲ.

ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಕನ್ನಡದಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬಂದರೆ ಪದದ ಬಾಲಕ್ಕೆ ‘ಗಳು’ ಎಂದೋ ‘ಅಂದಿರು’ ಎಂದೋ ಕಟ್ಟಿದರೆ ಕೆಲಸ ಮುಗಿಯಿತು. ಇಂಗ್ಲಿಷಿನ ಸಂಸಾರ ಅಷ್ಟು ಸಲೀಸಲ್ಲ. ಒಬ್ಬ ಅತ್ತೆ ‘ಮದರ್ ಇನ್ ಲಾ’ ಆದರೆ, ಇಬ್ಬರು ‘ಮದರ್ಸ್ ಇನ್ ಲಾ’. ಎಸ್ಸು ಬಾಲಕ್ಕೆ ಹೋಗದೆ ನಡುವೆ ನುಗ್ಗಿ ಅಮ್ಮನ ಮಗ್ಗುಲಲ್ಲೇ ಕೂರುತ್ತದೆ. ಹೆಚ್ಚಾಗಿರುವುದು ತಾಯಂದಿರು, ಕಾನೂನಲ್ಲ ಎಂದು ನಾನು ವಿವರಿಸುತ್ತೇನೆ. ಮಕ್ಕಳು ತಲೆಯಾಡಿಸಿ, ಪರೀಕ್ಷೆಯಲ್ಲಿ ‘ಮದರ್ ಇನ್ ಲಾಸ್’ ಎಂದೇ ಬರೆಯುತ್ತಾರೆ. ಲಾಸ್ ಆಗುವುದು ಅವರ ಅಂಕ. ಪೇಟೆಯಲ್ಲಂತೂ ‘ಲೇಡೀಸ್‌ಗಳು’, ‘ಚಿಲ್ಡ್ರನ್ಸ್‌ಗಳು’ ಎಂದು ಬಹುವಚನದ ಮೇಲೆ ಬಹುವಚನ ಹೇರಿಕೊಂಡು ಜನ ಆರಾಮವಾಗಿದ್ದಾರೆ. ರಶ್ಶಿನ ಬಸ್ಸಿನಲ್ಲಿ ‘ಲೇಡೀಸ್‌ಗಳಿಗೆ ಜಾಗ ಬಿಡ್ರಪ್ಪಾ’ ಎಂದು ನಾನೇ ಕೂಗಿದ್ದುಂಟು.

ಕಳೆದ ವರ್ಷ ಈ ಪಾಠ ನಡೆಯುವಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಒಬ್ಬರ್ಗೆ ಅದೆಂಗೆ ಇಬ್ರು ಅತ್ತೇರು ಇರ್ತಾರೆ?” ಎಂದು ಕೇಳಿದಳು. ನಮ್ಮೂರು ಹಂಗಳದಿಂದ ಬರುವ ಮಕ್ಕಳೆಲ್ಲ ಪುಸ್ತಕ ಅಡ್ಡ ಹಿಡಿದು ನಕ್ಕರು. ಅವರಿಗೆ ನಮ್ಮ ಮನೆ ಗೊತ್ತು. ನನಗೆ ಇಬ್ಬರು ಅತ್ತೆಯರಿದ್ದಾರೆ.

ಚಾಮರಾಜನಗರದ ತವರಿನಿಂದ ಹಂಗಳಕ್ಕೆ ಸೊಸೆಯಾಗಿ ಬಂದಾಗ, ಹೊಸಿಲಲ್ಲಿ ಇಬ್ಬರೂ ಆರತಿ ಹಿಡಿದು ನಿಂತಿದ್ದರು. ದೊಡ್ಡತ್ತೆ ಪುಟ್ಟಮ್ಮನಿಗೆ ಬಹಳ ಕಾಲ ಮಕ್ಕಳಾಗಲಿಲ್ಲ. ಆಗ ತಾವೇ ತವರಿಗೆ ಹೋಗಿ, ಸ್ವಂತ ತಂಗಿ ನಾಗಮ್ಮನನ್ನು ಕರೆತಂದು ಗಂಡನಿಗೆ ಮದುವೆ ಮಾಡಿಸಿದರಂತೆ. ನನ್ನ ಗಂಡ ಮಾದೇವಸ್ವಾಮಿ ಹುಟ್ಟಿದ್ದು ನಾಗಮ್ಮನ ಹೊಟ್ಟೆಯಲ್ಲಿ, ಬೆಳೆದದ್ದು ಪುಟ್ಟಮ್ಮನ ಮಡಿಲಲ್ಲಿ. ಸಾಕಿದವರನ್ನು ‘ಅವ್ವ’ ಎನ್ನುತ್ತಾರೆ, ಹೆತ್ತವರನ್ನು ‘ಚಿಕ್ಕವ್ವ’ ಎನ್ನುತ್ತಾರೆ. ಮಾವ ತೀರಿಕೊಂಡ ಮೇಲೂ ಅಕ್ಕತಂಗಿಯರು ಒಂದೇ ಒಲೆಯ ಮುಂದೆ ಕೂತು ಬಂದಿದ್ದಾರೆ. ಆ ಕರೆಯುವ ಮಾತಿನ ಬಗ್ಗೆ ಮನೆಯಲ್ಲಿ ಯಾರೂ ಎಂದೂ ಮಾತಾಡಿರಲಿಲ್ಲ.

ಹಾಗಿರುವಾಗ ನಮ್ಮವರು ಒಂದು ಗೂಡ್ಸ್ ಗಾಡಿ ಕೊಂಡರು. ಹಂಗಳದ ಟೊಮೊಟೊ, ಬೀನ್ಸು, ಚೆಂಡುಹೂವನ್ನು ಗುಂಡ್ಲುಪೇಟೆಗೆ ಸಾಗಿಸುವ ಯೋಚನೆ. ಪುಟ್ಟಮ್ಮ ತಮ್ಮ ಪಾಲಿನ ಅರಿಶಿನ ಮಾರಿ ಕೊಟ್ಟರು. ನಾಗಮ್ಮ ಕೊರಳಿನ ಸರ ಬಿಚ್ಚಿ ಕೊಟ್ಟರು. ಇವರು ಗಾಡಿಯ ಹಣೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ‘ಗಿಫ್ಟ್ ಆಫ್ ಮದರ್’ ಎಂದು ಬರೆಸಿಕೊಂಡು ಬಂದರು. ಆ ದಾರಿಯ ಗಾಡಿಗಳಲ್ಲಿ ಅರ್ಧಕ್ಕರ್ಧ ಯಾರಾದರೊಬ್ಬರ ಗಿಫ್ಟೇ.

ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣು ಇಡುವಾಗ ನಾಗಮ್ಮ ನನ್ನ ಪಕ್ಕಕ್ಕೆ ಬಂದರು. “ಅದೇನಂತ ಬರ್ಸವ್ನೆ ಕಣಮ್ಮಿ?”

“ತಾಯಿ ಕೊಟ್ಟಿದ್ದು ಅಂತ, ಅತ್ತೆ.”

“ತಾಯಿ ಅಂದ್ರೆ ಒಬ್ಳೇನಾ?”

ಒಬ್ಬರೇ ಎಂದೆ. ನಾಗಮ್ಮ ಗಾಡಿಯ ಹಣೆ ನೋಡಿದರು. “ಸರಿ ಬುಡು. ಅವ್ವ ಅಂದ್ರೆ ಅಕ್ಕನೇ ಅಲ್ವಾ,” ಎಂದು ಒಳಗೆ ಹೋದರು. ಎಲ್ಲರೂ ಗಾಡಿ ಹತ್ತಿ ಮಾದೇಶ್ವರನ ಗುಡಿಗೆ ಹೊರಟಾಗ ಮಂಡಿನೋವೆಂದು ಮನೆಯಲ್ಲೇ ಉಳಿದರು.

ನಾಗಮ್ಮ ಕೇಳಿದ್ದನ್ನು ಮರುದಿನ ಬೆಳಿಗ್ಗೆ ಇವರಿಗೆ ಹೇಳಿದೆ. “ಎಲ್ಲಾ ಗಾಡೀಲೂ ಅದೇ ಇರ್ತದೆ ಕಣೆ, ಅದುನ್ಯಾರು ಓದಾರು?” ಎಂದು ನಕ್ಕರು. ಆಮೇಲೆ ಕಾಫಿ ಲೋಟ ಹಿಡಿದುಕೊಂಡೇ ಅಂಗಳಕ್ಕೆ ಹೋಗಿ ಗಾಡಿಯ ಹಣೆ ನೋಡಿ ಬಂದರು. ಲೋಟ ಕೆಳಗಿಟ್ಟು, “ಇಬ್ರು ಅಂತ ಆಗ್ಬೇಕಾದ್ರೆ ಏನ್ ಸೇರಿಸ್ಬೇಕು?” ಎಂದರು. ಒಂದು ಎಸ್ ಸೇರಿಸಿದರೆ ಸಾಕು ಎಂದೆ. ಎಲ್ಲಿ ಸೇರಿಸಬೇಕೆಂದು ಅವರು ಕೇಳಲಿಲ್ಲ. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ನಾನೂ ಹೇಳಲಿಲ್ಲ.

ಸಂಜೆ ಗಾಡಿ ವಾಪಸು ಬಂತು. ‘ಮದರ್’ ಪಕ್ಕದಲ್ಲಿ ಒಂದು ಕಮಲದ ಹೂವು ಬಿಡಿಸಿದ್ದರಿಂದ ಅಲ್ಲಿ ಜಾಗವಿರಲಿಲ್ಲ. ಪೇಂಟರು ಜಾಗವಿದ್ದ ಕಡೆ ಎಸ್ ಕೂರಿಸಿದ್ದ. ಹಣೆಯ ಮೇಲೆ ಈಗ ‘ಗಿಫ್ಟ್ಸ್ ಆಫ್ ಮದರ್’ ಎಂದಿತ್ತು.

ಇಂಗ್ಲಿಷಿನ ‘ಆಫ್’ ಎಂಬುದು ಪುಟ್ಟ ಪದವಾದರೂ ಎರಡು ಮನೆಗಳ ನಡುವಿನ ಗೋಡೆಯಂಥದ್ದು. ಎಸ್ಸು ಗೋಡೆಯ ಆಚೆ ಕೂತರೆ ತಾಯಂದಿರು ಇಬ್ಬರಾಗುತ್ತಾರೆ. ಈಚೆ ಕೂತರೆ ತಾಯಿ ಒಬ್ಬಳೇ ಉಳಿದು ಉಡುಗೊರೆಗಳು ಹೆಚ್ಚಾಗುತ್ತವೆ. ಅಂದರೆ ನಾಗಮ್ಮನ ಸರವೂ ಈಗ ಪುಟ್ಟಮ್ಮನ ಲೆಕ್ಕಕ್ಕೇ ಸೇರಿತ್ತು.

ನಾನು ಬಾಯಿ ತೆರೆಯುವ ಮೊದಲೇ ಇವರು, “ಚಿಕ್ಕವ್ವಾ, ಬಾ ಇಲ್ಲಿ. ನಿನ್ನೂ ಸೇರಿಸ್ಬುಟ್ಟಿವ್ನಿ ನೋಡು,” ಎಂದು ಕೂಗಿದರು. ನಾಗಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. “ಎಲ್ಲಿವ್ನಿ ನಾನು?” ಇವರು ಎಸ್ಸನ್ನು ತೋರಿಸಿದರು. ನಾಗಮ್ಮ ಬಂಪರಿನ ಮೇಲೆ ಕಾಲಿಟ್ಟು ಹತ್ತಿ, ಸೆರಗಿನ ತುದಿಯಿಂದ ಆ ಅಕ್ಷರದ ಧೂಳು ಒರೆಸಿದರು. ಇಷ್ಟಾದ ಮೇಲೆ ವ್ಯಾಕರಣ ಮಾತಾಡಲು ನನಗೆ ಧೈರ್ಯ ಬರಲಿಲ್ಲ. ತಪ್ಪು ಉತ್ತರಕ್ಕೆ ನಾನು ಪೂರ್ತಿ ಅಂಕ ಕೊಟ್ಟದ್ದು ಆವತ್ತೇ ಮೊದಲು.

ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಪುಟ್ಟಮ್ಮ ಇದನ್ನೆಲ್ಲ ನೋಡುತ್ತಿದ್ದರು. “ನಂದ್ಯಾವುದವ್ವ?” ಎಂದು ನನ್ನನ್ನು ಕೇಳಿದರು. ಆ ತುದಿಯ ‘ಮದರ್’ ತೋರಿಸಿದೆ.

“ಅವ್ಳುನ್ಯಾಕೆ ಅಷ್ಟು ದೂರ ಕೂರ್ಸವ್ರೆ? ಅವ್ಳೇನು ನೆಂಟ್ರಾ?”

ಇನ್ನು ಮುಚ್ಚಿಡಲಾಗಲಿಲ್ಲ. ಆ ಎಸ್ಸಿನಿಂದ ಏನಾಗಿದೆ ಎಂದು ಎಲ್ಲರ ಮುಂದೆಯೇ ಹೇಳಿದೆ. ಇವರ ಮುಖ ಸಪ್ಪಗಾಯಿತು. ನಾಗಮ್ಮ ಬಂಪರಿನಿಂದ ಇಳಿದು, “ಇರ್ಲಿ ಬುಡ್ರವ್ವ,” ಎಂದು ಒಳಕ್ಕೆ ತಿರುಗಿದರು.

ಪುಟ್ಟಮ್ಮ ಮೊರ ಕೆಳಗಿಟ್ಟರು. “ನಿಂತ್ಕ ನಾಗಿ,” ಎಂದು ತಂಗಿಯನ್ನು ತಡೆದು, ಮಗನ ಕಡೆ ನೋಡಿದರು. “ಅದೆಲ್ಲಾನೂ ಅಳ್ಸಾಕ್ಬುಡು ಕಣ್ಲಾ. ಕನ್ನಡದಲ್ಲಿ ನಮ್ಮೆಸ್ರು ಬರ್ಸು. ಎತ್ತವ್ಳ ಎಸ್ರು ಮೊದ್ಲು, ಆಮೇಲೆ ನಂದು.”

ಹೆತ್ತವಳು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಾಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಇಂಗ್ಲಿಷಿನವರು ಇಂಥ ಹೊತ್ತಿಗೆ ‘ಇನ್ ಟಿಯರ್ಸ್’ ಎನ್ನುತ್ತಾರೆ. ಹನಿ ಹನಿಯಾಗಿ ಎಣಿಸುತ್ತಾರೋ ಏನೋ, ಅವರ ಕಣ್ಣೀರು ಬಹುವಚನ. ನಮಗೆ ಕಣ್ಣೀರೂ ನೀರೇ, ಅದಕ್ಕೆ ‘ಗಳು’ ಹಚ್ಚುವುದಿಲ್ಲ. ಯಾರ ಕಣ್ಣಿಂದ ಎಷ್ಟು ಬಂತೆಂದು ನಾನೂ ನೋಡಲಿಲ್ಲ. “ನೀ ದೊಡ್ಡೋಳು ಅಕ್ಕ, ನಿಂದೇ ಮೊದ್ಲಿರ್ಲಿ,” ಎಂದು ತಂಗಿ, “ನಾ ಏಳ್ದಂಗೆ ಕೇಳು,” ಎಂದು ಅಕ್ಕ. ಹೆಸರು ಹಿಂದೆ ಬರಲಿ ಎಂದು ಜಗಳವಾಡಿದವರನ್ನು ನಾನು ಅದೇ ಮೊದಲು ಕಂಡದ್ದು. ಗೆದ್ದವರು ಅಕ್ಕ. ಆ ವಾರದಲ್ಲೇ ಗಾಡಿಯ ಹಣೆಯ ಮೇಲೆ ‘ನಾಗಮ್ಮ ಪುಟ್ಟಮ್ಮ’ ಎಂದು ಬಂತು.

ಮುಂದಿನ ಭಾನುವಾರ ಭೀಮನಬೀಡಿನಲ್ಲಿ ನೆಂಟರ ಮಗುವಿಗೆ ನಾಮಕರಣ. ಗಾಡಿಯ ಮುಂದಿನ ಸೀಟಿನಲ್ಲಿ ಡ್ರೈವರನ್ನು ಬಿಟ್ಟರೆ ಇಬ್ಬರಿಗಷ್ಟೇ ಜಾಗ. ನಾಗಮ್ಮ ಮಂಡಿನೋವಿನ ಮಾತೆತ್ತದೆ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತರು. ಪುಟ್ಟಮ್ಮ ಮಗ್ಗುಲಿಗೆ ಒತ್ತಿ ಕೂತರು. ನಾನು ಬಸ್ಸಿಗೆ ಹೋದೆ. ದಾರಿಯಲ್ಲಿ ನಮ್ಮ ಗಾಡಿ ಹಾರ್ನ್ ಹೊಡೆಯುತ್ತಾ ಬಸ್ಸನ್ನು ಹಿಂದಿಕ್ಕಿತು. ನನ್ನನ್ನು ಕಂಡು ನಾಗಮ್ಮ ಕಿಟಕಿಯಿಂದ ಕೈ ಹೊರಗೆ ಚಾಚಿ ಬೀಸಿದರು. ಒಳಗಿನಿಂದ ಇನ್ನೊಂದು ಕೈ ಬಂದು, ಆ ಕೈಯನ್ನು ಹಿಡಿದು ಒಳಕ್ಕೆಳೆದುಕೊಂಡಿತು.

ಪಕ್ಕದಲ್ಲಿ ಕೂತ ಹೆಂಗಸು, “ಯಾರವ್ವ ಅವ್ರು?” ಎಂದು ಕೇಳಿದಳು.

“ನಮ್ಮತ್ತೆ,” ಎಂದೆ. ಏಕವಚನದಲ್ಲಿ ಹೇಳಿದೆನೆಂದು ಹೊಳೆದದ್ದು ಆಮೇಲೆ. ತಿದ್ದಲು ಹೋಗಲಿಲ್ಲ.