ಹಯವದನನ ಡಿವಿಷನ್ನು

ಹಯವದನ ಯುದ್ಧ ಕಂಡದ್ದು ಊಟದ ಮೇಜಿನ ಮೇಲೆ ಮಾತ್ರ. ಡೆಟ್ರಾಯಿಟ್ ಬಳಿಯ ಕಾರು ಕಂಪನಿಯೊಂದರಲ್ಲಿ ಬ್ರೇಕ್ ವಿನ್ಯಾಸ ಮಾಡುತ್ತಿದ್ದ ಈ ಮಹಾಶಯ, ಮೈಸೂರಿನಲ್ಲಿದ್ದಾಗ ಪುಸ್ತಕ ಪ್ರದರ್ಶನದಲ್ಲಿ ಒಂದು ಅಗ್ಗದ ಪುಸ್ತಕ ಕೊಂಡಿದ್ದ. ಎರಡನೇ ಮಹಾಯುದ್ಧದಲ್ಲಿ ಕಾದಾಡಿದ ಸೋವಿಯತ್ ಕಾಲಾಳು ಡಿವಿಷನ್ ಒಂದರ ಕಥೆ ಅದು. ಓದಿದ್ದು ಅದೊಂದೇ, ಕೊರೆದದ್ದು ಊರಿಗೆಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಹುಳಿಯ ಪಾತ್ರೆ ನೀಪರ್ ನದಿ, ಹಪ್ಪಳಗಳೇ ತೆಪ್ಪಗಳು. ಸೈನಿಕರು ಆಚೆ ದಡ ಮುಟ್ಟುವಷ್ಟರಲ್ಲಿ ನಮ್ಮ ಅನ್ನ ಆರಿಹೋಗಿರುತ್ತಿತ್ತು. "ಗೊತ್ತಿಲ್ಲ" ಎಂಬ ಮಾತು ಮಾತ್ರ ಆ ಬಾಯಿಂದ ಒಮ್ಮೆಯೂ ಬರಲಿಲ್ಲ.

ಅವನ ಪಕ್ಕದ ಮನೆಯಲ್ಲಿ ನೀನಾ ಎಂಬ ಉಕ್ರೇನಿನ ಮುದುಕಿ ಒಬ್ಬಳೇ ಇದ್ದಳು. ಅವಳ ಗಂಡ ಅದೇ ಡಿವಿಷನ್ನಿನ ಸಿಪಾಯಿ. ಯುದ್ಧದಲ್ಲಿ ಕಾಣೆಯಾದವನು ಇದ್ದಾನೋ ಇಲ್ಲವೋ ಯಾರೂ ಹೇಳಿರಲಿಲ್ಲ. ಬಂದೇ ಬರುತ್ತಾನೆಂದು ಅವಳು ದಿನವೂ ಊಟಕ್ಕೆ ಎರಡು ತಟ್ಟೆ ಇಡುತ್ತಿದ್ದಳು. ಹಯವದನನ ಹೆಂಡತಿ ಸರಳಾ ಅದನ್ನು ನೋಡಿದ್ದಳು, ಕೇಳುವ ಧೈರ್ಯ ಮಾಡಿರಲಿಲ್ಲ.

ಒಂದು ದಿನ ನೀನಾಳ ಬಾಯಿಂದ ಆ ಡಿವಿಷನ್ನಿನ ಹೆಸರು ಕಿವಿಗೆ ಬಿದ್ದದ್ದೇ ತಡ, ಹಯವದನ ಕುಣಿದಾಡಿದ. ಎಪ್ಪತ್ತನಾಲ್ಕರ ಗಣೇಶನ ಹಬ್ಬಕ್ಕೆ ಕನ್ನಡಿಗರೆಲ್ಲ ಒಂದು ಶಾಲೆಯ ಹಾಲ್‌ನಲ್ಲಿ ಸೇರಿದಾಗ ನೀನಾಳನ್ನೂ ಕರೆತಂದ. ಅವಳ ಗಂಡನ ಫೋಟೋ ಇಸಿದುಕೊಂಡು ದೊಡ್ಡದು ಮಾಡಿಸಿ, ಗಂಧದ ಹಾರ ಹಾಕಿ, ಮುಂದೆ ದೀಪ ಹಚ್ಚಿಟ್ಟಿದ್ದ. ನಮ್ಮಲ್ಲಿ ಎಂಥ ಫೋಟೋಗೆ ಹಾರ ಹಾಕುತ್ತಾರೆಂದು ಅವಳಿಗೇನು ಗೊತ್ತು? ಸನ್ಮಾನವೆಂದೇ ಹಿಗ್ಗಿದಳು. ಮೈಕ್ ಹಿಡಿದ ಹಯವದನ ಮತ್ತೊಮ್ಮೆ ನೀಪರ್ ದಾಟಿದ. ಆಮೇಲೆ ಎಲ್ಲರೂ ಎದ್ದು ತಲೆ ತಗ್ಗಿಸಿ ಮೌನವಾಗಿ ನಿಂತೆವು.

ನೀನಾಳ ಮುಖ ಬಿಳಿಚಿಕೊಂಡಿತು. "ಯಾಕೆ ಎಲ್ಲರೂ ಹೀಗೆ ನಿಂತಿದ್ದೀರಿ? ಅವನ ಸುದ್ದಿ ನಿಮಗೇನಾದರೂ ಗೊತ್ತಾ?" ಎಂದು ಹಯವದನನನ್ನು ಇಂಗ್ಲಿಷಿನಲ್ಲಿ ಕೇಳಿದಳು.

ಇಡೀ ಸಭೆ ಅವನನ್ನೇ ನೋಡುತ್ತಿತ್ತು. ಗೊತ್ತಿಲ್ಲ ಎಂದರೆ ಇವನ ಗಂಟೇನು ಹೋಗುತ್ತಿತ್ತು? "ನದಿ ದಾಟುವಾಗ ವೀರಮರಣ, ಮೇಡಂ" ಎಂದುಬಿಟ್ಟ. ಯಾರೋ ಪುಣ್ಯಾತ್ಮರು ಚಪ್ಪಾಳೆಯನ್ನೂ ತಟ್ಟಿದರು. ಥೂ, ನಾಚಿಕೆಗೇಡು!

ಮಾರನೆಯ ದಿನ ಸರಳಾ ಹಬ್ಬದ ಚಕ್ಕುಲಿ ಕೊಡಲು ಹೋದಾಗ ನೀನಾ ಊಟಕ್ಕೆ ಕೂತಿದ್ದಳು. ಮೇಜಿನ ಮೇಲೆ ಒಂದೇ ತಟ್ಟೆ ಇತ್ತು.

ಸರಳಾ ಚಕ್ಕುಲಿ ಇಟ್ಟು ನೆಟ್ಟಗೆ ಮನೆಗೆ ಬಂದಳು. ಹಯವದನ ಡ್ರೈವ್‌ವೇಯಲ್ಲಿ ಕಾರು ತೊಳೆಯುತ್ತಿದ್ದ.

"ರೀ, ಆ ಬುಕ್ಕಲ್ಲಿ ಅವರ ಯಜಮಾನರ ಹೆಸರು ಇತ್ತೇನ್ರೀ?"

"ಹೆಸರೆಲ್ಲ ಎಲ್ಲಿ ಹಾಕ್ತಾರೆ?" ಎಂದ ಅವನು, ಪೈಪು ಕೆಳಗಿಡದೆ. "ಡಿವಿಷನ್ ಅಲ್ಲೇ ಇತ್ತಲ್ಲ, ಸಾಕು ಬಿಡು."