ಪಟೇಲರ ತೋಳು

ಪ್ಲೇಗಿನ ಸೂಜಿಗೆ ಜನ ಹೆದರಿದ್ದು ಅಜ್ಞಾನದಿಂದ ಎಂದು ಯಾರಾದರೂ ಭಾಷಣ ಬಿಗಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಜ್ಞಾನವಂತೆ! ಸೂಜಿ ಹಿಡಿದವನು ನಾನು, ನನ್ನನ್ನು ಕೇಳಿ.

ಆಗ ನಾನು ಆಸ್ಪತ್ರೆಯ ಕಾಂಪೌಂಡರ್. ಪುರವರದ ಆಚೆಯ ಒಂದು ಹಳ್ಳಿಯಲ್ಲಿ ಇಲಿ ಸತ್ತು ಬೀಳತೊಡಗಿತ್ತು. ನನ್ನ ಅಕ್ಕನನ್ನು ಕೊಟ್ಟಿದ್ದೂ ಅದೇ ಊರಿಗೆ. ಪಟೇಲರು ಮೊದಲು ಚುಚ್ಚಿಸಿಕೊಂಡರೆ ಊರೆಲ್ಲ ಹಿಂದೆ ಬರುತ್ತದೆ ಎಂದು ಅಮಲ್ದಾರರು ನಂಬಿದ್ದರು. ಪಟೇಲರೋ, ಜ್ವರ ಬರುತ್ತದಂತೆ, ಒಲ್ಲೆ ಎಂದು ಕೂತುಬಿಟ್ಟರು. ಅವರನ್ನು ಎದುರು ಹಾಕಿಕೊಂಡು ಆ ಸೀಮೆಯಲ್ಲಿ ಅಮಲ್ದಾರಿಕೆ ನಡೆಯುತ್ತಿರಲಿಲ್ಲ. ಅಮಲ್ದಾರರು ನನ್ನನ್ನು ಚಾವಡಿಯ ಹಿಂದಕ್ಕೆ ಕರೆದು, "ಅವರಿಗೆ ಬರೀ ಕಾಯಿಸಿದ ನೀರು ಹಾಕಯ್ಯ. ಜನ ನೋಡೋದು ಸೂಜೀನ, ಒಳಗಿರೋದನ್ನಲ್ಲ" ಎಂದರು. ನಮ್ಮ ಡಾಕ್ಟರು ಪಕ್ಕದಲ್ಲೇ ಕನ್ನಡಕ ಒರೆಸುತ್ತ ನಿಂತಿದ್ದರು. ನಾನು ನೀರು ತುಂಬಿದೆ.

ಅವತ್ತು ಪಟೇಲರ ಹಿಂದೆಯೇ ತೋಳು ಕೊಟ್ಟವರಲ್ಲಿ ನನ್ನ ಭಾವನೂ ಒಬ್ಬ. ನಿಜವಾದ ಔಷಧಿ ಹೋದವರಿಗೆ ಎರಡು ದಿನ ಜ್ವರ ಬರುತ್ತಿತ್ತು, ತೋಳು ಊದುತ್ತಿತ್ತು. ಭಾವನಿಗೂ ಹಾಗೇ ಆಯಿತು. ಪಟೇಲರು ಮಾತ್ರ ಮಾರನೆಯ ದಿನ ಅದೇ ತೋಳು ಬೀಸಿಕೊಂಡು ಬೀದಿಯಲ್ಲಿ ಓಡಾಡಿದರು. ಊರೇ ನೋಡಿತು.

ಮೂರನೆಯ ದಿನ ಹೆಂಗಸರಿಗೆ ಹಾಕಲು ಹೋದಾಗ ಅಕ್ಕ ಬಾಗಿಲಲ್ಲೇ ತಡೆದಳು.

"ನಿಜ ಹೇಳ್ಲಾ. ಪಟೇಲ್ರಿಗೂ ನಮ್ ಯಜಮಾನ್ರಿಗೂ ಹಾಕಿದ್ದು ಒಂದೇ ಔಸ್ದಿನಾ?"

ನೀರು ಎಂದರೆ ನನ್ನ ನೌಕರಿ ಹೋಗುತ್ತಿತ್ತು. "ಒಂದೇ ಕಣಕ್ಕ" ಎಂದೆ.

"ಮತ್ತೆ ಅವರ್ಗೆ ಯಾಕೆ ಏನೂ ಆಗ್ಲಿಲ್ಲ?"

"ಅವರದು ಹಾಲು ತುಪ್ಪ ತಿಂದ ಗಟ್ಟಿ ಮೈ."

ಅಕ್ಕ ಸೆರಗೆಳೆದು ತೋಳು ಮುಚ್ಚಿಕೊಂಡಳು. "ಅಂಗಾದ್ರೆ ನಂಗೆ ಬ್ಯಾಡ ಬುಡು. ಗಂಡ್ಸು, ಅವ್ರೇ ಇಂಗೆ ಮಕಾಡೆ ಬಿದ್ದವ್ರೆ. ನನ್ನ ಬಡಕಲು ಮೈ ತಡ್ಕಂತದಾ? ನೀನು ಸುಳ್ಳು ಹೇಳೋನಲ್ಲ ಕಣ್ಲಾ, ಅದಕ್ಕೇ ನಿನ್ನೇ ಕೇಳ್ದೆ."

ಥೂ, ನನ್ನ ಬಾಳಿಗಿಷ್ಟು! ಆಗಲಾದರೂ ಬಾಯಿ ಬಿಡಬಹುದಿತ್ತು. ಪೆಟ್ಟಿಗೆ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದೆ. ಅಲ್ಲೂ ಬೇಡವೆಂದರು.

ಹದಿನೈದು ದಿನದೊಳಗೆ ಅಕ್ಕನ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಭಾವ ಉಳಿದ, ಅವಳು ಉಳಿಯಲಿಲ್ಲ. ಪಟೇಲರು ಆ ವೇಳೆಗಾಗಲೇ ತೋಟದ ಮನೆ ಸೇರಿ ಬಚಾವಾಗಿದ್ದರು.

ಆಮೇಲೆ ವರದಿ ಕಳಿಸಬೇಕಲ್ಲ. ನನ್ನ ಅಕ್ಷರ ಚೆನ್ನಾಗಿದೆ ಎಂದು ಡಾಕ್ಟರು ನನ್ನ ಕೈಲೇ ಬರೆಸಿದರು. ಪಟೇಲರು ತಾವೇ ಮುಂದೆ ಬಂದು ಮೇಲ್ಪಂಕ್ತಿ ಹಾಕಿಕೊಟ್ಟರೂ ಜನರು ಅಜ್ಞಾನದಿಂದ ಔಷಧಿಯನ್ನು ನಿರಾಕರಿಸಿದರು ಎಂದು ಹೇಳುತ್ತ ಹೋದರು. 'ಅಜ್ಞಾನ' ಎಂಬಲ್ಲಿ ನನ್ನ ಕೈ ನಿಂತಿತು. ಡಾಕ್ಟರು ನನ್ನ ಕಡೆ ನೋಡದೆ, "ಮುಂದೆ ಬರಿಯಯ್ಯ" ಎಂದರು. ಬರೆದೆ. ಅದರ ಕೆಳಗೆ ಸತ್ತವರ ಪಟ್ಟಿ ಬರಬೇಕಿತ್ತು. ಅಕ್ಕನ ಹೆಸರನ್ನೂ ಅದೇ ಚೆಂದದ ಅಕ್ಷರದಲ್ಲಿ ಬರೆದೆ.