ಮಾವ ಅಮಾವಾಸ್ಯೆ ದಿನ ಅಡ್ಮಿಟ್ ಆಗಲಿಲ್ಲ

ಸ್ನೇಹಿತರೇ, ಇವತ್ತು ನಮ್ಮ ಮಾವನಿಗೂ ಕಂಪ್ಯೂಟರಿಗೂ ಜಗಳ.

ಗಂಗೊಳ್ಳಿಯಲ್ಲಿ ಮೀನು ವ್ಯಾಪಾರ ಮಾಡುವ ಮಾವನ ಬೆರಳಿಗೆ ಮೊನ್ನೆ ಮೀನಿನ ಮುಳ್ಳು ಚುಚ್ಚಿತ್ತು. ಅರಸಿನ ಹಚ್ಚಿ ಸುಮ್ಮನಿದ್ದರು. ಇಂದು ಕೈ ಊದಿ ನಡುಕ ಬಂದಾಗ ಕುಂದಾಪುರದ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ರಕ್ತಪರೀಕ್ಷೆಯ ವರದಿ ಓದಿದ ಹೊಸ ಎಐ ಕಂಪ್ಯೂಟರ್ ಕೂಡಲೇ ಕೆಂಪು ಎಚ್ಚರಿಕೆ ಕೊಟ್ಟಿತು.

ಡಾಕ್ಟರಮ್ಮ ಮಾವನ ಕೈ ಹಿಡಿದು ನೋಡಿ, "ಸೆಪ್ಸಿಸ್ ಶುರು ಆಯ್ತ್. ನಂಜು ಮೈಯೆಲ್ಲ ಏರುಕಿಂತ ಮುಂಚೆ ಸಿಕ್ಕಿತ್, ಪುಣ್ಯ. ಈಗ್ಳೇ ಅಡ್ಮಿಟ್ ಆಯ್ಕ್" ಎಂದರು.

"ಇವತ್ತ್ ಅಮಾಸಿ ಮರ್ರೆ! ಆಸ್ಪತ್ರಿ ಸೇರುಕಾಗ. ನಾಳೆ ಬತ್ತೆ" ಎಂದು ಮಾವ ಎದ್ದೇಬಿಟ್ಟರು.

"ಕಂಪ್ಯೂಟರ್ ಈಗ್ಳೇ ಅಂತ್ ಹೇಳ್ತಿತ್ತಲೆ?" ಎಂದೆ.

"ಅದಕ್ಕೆ ಪಂಚಾಂಗ ಗೊತ್ತಿತ್ತಾ?"

ಡಾಕ್ಟರಮ್ಮ ನಮ್ಮ ಊರಿನವರೇ. "ಆಯ್ತ್, ಸೇರುದ್ ನಾಳೆಯೇ ಆಯ್ಲಿ. ಈಗ ಇಲ್ಲೇ ಮನಿಕಣಿ, ಬರೀ ಔಷಧಿ ಹಾಕ್ತೆ" ಎಂದರು. ಮಾವ ಖುಷಿಯಿಂದ ಮಲಗಿದರು.

ಈಗ ಐಸಿಯುವಿನಲ್ಲಿ ಇನ್ನೊಂದು ಕೈಗೆ ಸೂಜಿ ಚುಚ್ಚಿಸಿಕೊಂಡು, ನೋಡಲು ಬಂದ ಅತ್ತೆಗೆ ಹೆಮ್ಮೆಯಿಂದ ಹೇಳುತ್ತಿದ್ದಾರೆ: "ಅಮಾಸಿ ದಿನ ನಾನಂತೂ ಆಸ್ಪತ್ರಿ ಸೇರ್ಲಿಲ್ಲ ಕಾಣ್!"

ಎಐಗೆ ಎಲ್ಲ ಕಲಿಸಿಯಾಗಿದೆ. ಇನ್ನು ಈ ಡಾಕ್ಟರಮ್ಮನ ಹಾಗೆ ಸುಳ್ಳು ಹೇಳುವುದೊಂದನ್ನು ಕಲಿಸಿದರೆ ನಮ್ಮೂರಿಗೆ ಸಾಕು.